ಪದಚರ್ಚೆ: ‘ವಿದೇಶದಲ್ಲಿ ತರಬೇತಿ ಪಡೆದ ವಕೀಲರು’ ಅಂದರೆ ಎಲ್ಲಿ ಓದಿದವರು?

ಎಲ್ಲರಿಗೂ ನಮಸ್ಕಾರ.

ಒಂದು ಪದಪುಂಜ ಹದಿನೈದು ದಿನದಿಂದ ಕಾಡುತ್ತಿದೆ, ಬಲ್ಲವರು ದಾರಿ ತೋರಿಸಬೇಕು.

ಬೇರೆ ದೇಶಕ್ಕೆ ಹೋಗಿ ಎಲ್‌ಎಲ್‌ಎಂ (ಕಾನೂನಿನ ಮೇಲಿನ ಪದವಿ) ಓದಿ, ಅಲ್ಲೇ ವಕೀಲಿ ಮಾಡಬೇಕೆನ್ನುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲದ ಪುಟಪುಟದಲ್ಲೂ ‘ಫಾರಿನ್ ಟ್ರೇನ್ಡ್ ಲಾಯರ್’ ಎಂಬ ಮಾತು ಬರುತ್ತದೆ. ಮೊದಲ ಕರಡಿನಲ್ಲಿ ‘ವಿದೇಶದಲ್ಲಿ ತರಬೇತಿ ಪಡೆದ ವಕೀಲರು’ ಎಂದೇ ಬರೆದುಕೊಂಡು ಹೋದೆ. ಅದನ್ನು ಅಕ್ಕನ ಮಗಳಿಗೆ ಓದಲು ಕೊಟ್ಟೆ. ಐದು ವರ್ಷದ ಕಾನೂನು ಪದವಿ ಮುಗಿಸಿ, ನ್ಯೂಯಾರ್ಕಿನಲ್ಲಿ ವಕೀಲಿ ಮಾಡಲು ಬರೆಯಬೇಕಾದ ಬಾರ್ ಪರೀಕ್ಷೆಗೆ ಕಾಗದಪತ್ರ ಜೋಡಿಸಿಕೊಳ್ಳುತ್ತಿರುವ ಹುಡುಗಿ ಅವಳು. ಮೂರನೆಯ ಪುಟದಲ್ಲಿ ‘ವಿದೇಶದಲ್ಲಿ ತರಬೇತಿ ಪಡೆದ ವಕೀಲರು ಮೊದಲು ತಮ್ಮ ಓದಿನ ಅರ್ಹತೆಯನ್ನು ಪರಿಶೀಲನೆಗೆ ಒಪ್ಪಿಸಬೇಕು’ ಎಂಬ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಬರೆದಿದ್ದಳು: ‘ಮಾಮ, ಇದು ನನಗಲ್ಲ ಅಲ್ವಾ? ನಾನಿನ್ನೂ ಎಲ್ಲಿಗೂ ಹೋಗೇ ಇಲ್ಲ.’

ಆ ವಾಕ್ಯ ಇದ್ದದ್ದೇ ಅವಳಿಗಾಗಿ. ಆ ಪರಿಶೀಲನೆ ಮುಗಿಯದೆ ಪರೀಕ್ಷೆಗೆ ಕೂರುವಂತಿಲ್ಲ. ಕಾನೂನು ಓದಿದ, ಕನ್ನಡ ಚೆನ್ನಾಗಿ ಬಲ್ಲ ಹುಡುಗಿಯೇ ಹೀಗೆ ಓದಿಕೊಂಡಳು ಎಂದ ಮೇಲೆ ತಪ್ಪು ನನ್ನ ವಾಕ್ಯದ್ದು. ಅಲ್ಲಿಂದ ಈ ಮಾತನ್ನು ತಿರುಗಿಸಿ ಮುರುಗಿಸಿ ನೋಡುತ್ತಲೇ ಇದ್ದೇನೆ.

‘ವಿದೇಶ’ ಎಂದು ಕಂಡ ಕೂಡಲೇ ಕನ್ನಡದ ಓದುಗರು ತಾವು ಕೂತ ಜಾಗದಿಂದ ದೂರವನ್ನು ಅಳೆಯುತ್ತಾರೆ. ‘ವಿದೇಶದಲ್ಲಿ ಓದಿದ ವಕೀಲರು’ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು 1891ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರುಗಳನ್ನು ತಯಾರಿಸುವ ಇನ್ನರ್ ಟೆಂಪಲ್‌ನಿಂದ ಬ್ಯಾರಿಸ್ಟರಾಗಿ ಹಡಗು ಹತ್ತಿ ಬಂದ ಗಾಂಧೀಜಿಯ ಹಾಗೆ ಹೋಗಿ, ಓದಿ, ಮರಳಿದವರು. ನ್ಯೂಯಾರ್ಕಿನ ನಿಯಮ ಅಳೆಯುವುದು ನ್ಯೂಯಾರ್ಕಿನಿಂದ. ಅದರ ಲೆಕ್ಕದಲ್ಲಿ ಇಲ್ಲೇ ಓದಿ ಇಲ್ಲೇ ಇರುವ ನನ್ನ ಅಕ್ಕನ ಮಗಳು ‘ವಿದೇಶದಲ್ಲಿ ಓದಿದವಳು’. ಅಕ್ಷರ ಅಷ್ಟೂ ಸರಿ, ಅರ್ಥ ಮಾತ್ರ ತಲೆಕೆಳಗು.

ಇದಕ್ಕೆ ಮದ್ದು ಎಂದು ‘ತಾಯ್ನಾಡಿನಲ್ಲಿ ಓದಿದ ವಕೀಲರು’ ಎಂದು ಬದಲಿಸಿ ನೋಡಿದೆ. ಅವಳಿಗೇನೋ ಸರಿಹೋಯಿತು. ಆದರೆ ಭಾರತದವರೊಬ್ಬರು ಇಂಗ್ಲೆಂಡಿನಲ್ಲಿ ಕಾನೂನು ಓದಿ ನ್ಯೂಯಾರ್ಕಿಗೆ ಅರ್ಜಿ ಹಾಕಿದರೆ? ಅಮೆರಿಕದಲ್ಲೇ ಹುಟ್ಟಿದವರು ಭಾರತದಲ್ಲಿ ಓದಿ ಹಿಂತಿರುಗಿದರೆ? ಇಬ್ಬರೂ ಅಲ್ಲಿನ ನಿಯಮಕ್ಕೆ ‘ಫಾರಿನ್ ಟ್ರೇನ್ಡ್’, ಇಬ್ಬರೂ ತಾಯ್ನಾಡಿನಲ್ಲಿ ಓದಿದವರಲ್ಲ. ‘ವಿದೇಶಿ ವಕೀಲರು’ ಎಂದು ಮೊಟಕು ಮಾಡುವುದಂತೂ ಬೇಡವೇ ಬೇಡ. ಪತ್ರಿಕೆಗಳಲ್ಲಿ ಆ ಮಾತು ಈಗಾಗಲೇ ಬೇರೆ ಕೆಲಸಕ್ಕೆ ಸೇರಿಕೊಂಡಿದೆ. ಹೊರದೇಶದ ವಕೀಲರು ಭಾರತದಲ್ಲಿ ವಕೀಲಿ ಮಾಡಬಹುದೇ ಎಂಬ 2018ರ ಸುಪ್ರೀಂ ಕೋರ್ಟ್ ತೀರ್ಪು, ಆಮೇಲೆ 2023ರ ಮಾರ್ಚ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಪ್ರಕಟಿಸಿದ ನಿಯಮಗಳು, ಇವುಗಳ ಸುದ್ದಿ ಓದಿದವರಿಗೆ ‘ವಿದೇಶಿ ವಕೀಲ’ ಅಂದರೆ ಬೇರೆ ದೇಶದ ಪಾಸ್‌ಪೋರ್ಟ್ ಇರುವವರು ಎಂದೇ ಅನಿಸುತ್ತದೆ. ಅಮೆರಿಕದಲ್ಲಿ ಪ್ರಶ್ನೆ ಪಾಸ್‌ಪೋರ್ಟಿನದಲ್ಲ. ನೆದರ್‌ಲೆಂಡ್ಸ್‌ನ ಪ್ರಜೆಯಾಗಿದ್ದ ಗ್ರಿಫಿತ್ಸ್ ಎಂಬ ಮಹಿಳೆಗೆ ಪೌರತ್ವವಿಲ್ಲ ಎಂಬ ಕಾರಣಕ್ಕೆ ಕನೆಕ್ಟಿಕಟ್ ರಾಜ್ಯ ಬಾರ್ ಪರೀಕ್ಷೆ ಬರೆಯಲು ಬಿಡಲಿಲ್ಲ. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ಹೊಂದದು ಎಂದಿತು. ಕೆನಡಾದ ಸುಪ್ರೀಂ ಕೋರ್ಟ್ ಆಂಡ್ರ್ಯೂಸ್ ಮೊಕದ್ದಮೆಯಲ್ಲಿ ಇದೇ ಮಾತು ಹೇಳಿದ್ದು 1989ರಲ್ಲಿ. ಅಲ್ಲಿ ನೋಡುವುದು ಓದು ಎಲ್ಲಿಯದು ಎಂಬುದನ್ನು, ಮನುಷ್ಯರು ಎಲ್ಲಿಯವರು ಎಂಬುದನ್ನಲ್ಲ.

ಕಡೆಗೆ ನನ್ನ ಮನಸ್ಸು ನಿಂತಿರುವುದು ‘ಬೇರೆ ದೇಶದಲ್ಲಿ ಕಾನೂನು ಓದಿದವರು’ ಎಂಬಲ್ಲಿ. ಕಾರಣ ಹೇಳುತ್ತೇನೆ, ಸರಿಯೇ ನೋಡಿ. ‘ವಿದೇಶ’ ಮಾತಾಡುವವರ ನೆಲಕ್ಕೆ ಗಂಟುಬಿದ್ದ ಪದ. ‘ಬೇರೆ’ ಎಂಬುದು ಹಾಗಲ್ಲ, ವಾಕ್ಯದಲ್ಲಿ ಹಿಂದೆ ಬಂದ ಜಾಗವನ್ನು ಹಿಡಿದುಕೊಳ್ಳುತ್ತದೆ. ‘ನ್ಯೂಯಾರ್ಕಿನಲ್ಲಿ, ಬೇರೆ ದೇಶದಲ್ಲಿ ಓದಿದವರು ಮೊದಲು ಅರ್ಹತೆ ಪರಿಶೀಲನೆಗೆ ಅರ್ಜಿ ಹಾಕಬೇಕು’ ಎಂದರೆ ‘ಬೇರೆ’ ಅಮೆರಿಕದಿಂದಲೇ ಅಳೆಯುತ್ತದೆ. ಈ ವಾಕ್ಯವನ್ನು ಅವಳಿಗೆ ಮತ್ತೆ ತೋರಿಸಿದೆ. ಈ ಸಲ ಪೆನ್ಸಿಲ್ ಎತ್ತಲಿಲ್ಲ.

‘ತರಬೇತಿ’ಯನ್ನು ಬಿಟ್ಟದ್ದೂ ಬೇಕೆಂದೇ. ಕನ್ನಡದಲ್ಲಿ ಹೊಲಿಗೆಗೆ, ಚಾಲನೆಗೆ, ಪೊಲೀಸರಿಗೆ ತರಬೇತಿ ಇದೆ. ಕಾನೂನನ್ನು ನಾವು ಓದುತ್ತೇವೆ. ಆದರೆ ಇಲ್ಲೊಂದು ತೊಡಕು ಉಳಿದಿದೆ. ನ್ಯೂಯಾರ್ಕ್ ಮುಖ್ಯವಾಗಿ ನೋಡುವುದು ಓದನ್ನು. ಕ್ಯಾಲಿಫೋರ್ನಿಯಾದಲ್ಲಿ ಬೇರೆ ದೇಶದಲ್ಲಿ ಈಗಾಗಲೇ ವಕೀಲರಾಗಿ ನೋಂದಾಯಿಸಿಕೊಂಡವರು ಎಲ್‌ಎಲ್‌ಎಂ ಇಲ್ಲದೆಯೂ ಪರೀಕ್ಷೆಗೆ ಕೂರಬಹುದು, ಬರೀ ಪದವಿ ಇದ್ದವರಿಗೆ ಆ ಸೌಲಭ್ಯವಿಲ್ಲ. ಹಾಗಾಗಿ ‘ಬೇರೆ ದೇಶದಲ್ಲಿ ಓದಿದವರು’, ‘ಬೇರೆ ದೇಶದ ಸನ್ನದು ಇರುವವರು’ ಎಂದು ಎರಡು ಮಾತು ಬೇಕೇ ಬೇಕು. ಒಂದೇ ಮಾತಿನಲ್ಲಿ ಎರಡನ್ನೂ ತುಂಬಿದರೆ ಓದುಗರು ತಪ್ಪು ಅರ್ಜಿ ಹಾಕುತ್ತಾರೆ.

‘ಸನ್ನದು’ ಎಂದದ್ದಕ್ಕೂ ಸಮಜಾಯಿಷಿ ಕೊಡಬೇಕು. ‘ಬಾರ್ ಅಡ್ಮಿಷನ್’ಗೆ, ಅಂದರೆ ವಕೀಲಿ ಮಾಡಲು ಸಿಗುವ ಅನುಮತಿಗೆ, ‘ಪ್ರವೇಶ’ ಹಾಕಿದರೆ ಕಾಲೇಜಿನ ಪ್ರವೇಶದೊಡನೆ ಕಲಸಿಹೋಗುತ್ತದೆ. ಕೈಪಿಡಿಯಲ್ಲಿ ಎಲ್‌ಎಲ್‌ಎಂ ಪ್ರವೇಶದ ಅಧ್ಯಾಯ ಬೇರೆಯೇ ಇದೆ. ‘ಬಾರ್’ ಎಂಬ ಪದ ಹುಟ್ಟಿದ್ದು ವಕೀಲರು ನಿಂತು ವಾದಿಸುತ್ತಿದ್ದ ಅಡ್ಡಪಟ್ಟಿಯಿಂದ. ಅದಕ್ಕೆ ಕನ್ನಡದಲ್ಲಿ ಥಟ್ಟನೆ ಹೊಳೆಯುವುದು ಕಟಕಟೆ. ಆದರೆ ನಮ್ಮಲ್ಲಿ ಕಟಕಟೆ ಹತ್ತುವವರು ಆರೋಪಿ, ಇಲ್ಲವೇ ಸಾಕ್ಷಿ. ಇಂಗ್ಲೆಂಡಿನ ‘ಕಾಲ್ ಟು ದಿ ಬಾರ್’ ಅನ್ನು ‘ಕಟಕಟೆಗೆ ಕರೆ’ ಎಂದರೆ ಬ್ಯಾರಿಸ್ಟರ್ ಆದವರನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸಿದಂತಾಗುತ್ತದೆ. ಸನ್ನದು ನಮ್ಮ ಕೋರ್ಟುಗಳ ವಕೀಲರ ಬಾಯಲ್ಲಿ ಇವತ್ತಿಗೂ ಓಡಾಡುವ ಮಾತು: ಸನ್ನದು ಪಡೆದರು, ಸನ್ನದು ಅಮಾನತಾಯಿತು. ಅರಬ್ಬಿಯಲ್ಲಿ ಅದರ ಮೂಲಾರ್ಥ ಆಸರೆ, ಆಧಾರ. ಒಂದೇ ಅಳುಕು ಎಂದರೆ ‘ವಿಶ್ವಸಂಸ್ಥೆಯ ಸನ್ನದು’ ಎಂಬ ಬಳಕೆ. ಆದ್ದರಿಂದ ಮೊದಲ ಸಲ ಬರುವಲ್ಲಿ ‘ವಕೀಲಿ ಸನ್ನದು’ ಎಂದು ಬರೆದು ಮುಂದೆ ಬರೀ ಸನ್ನದು ಎಂದಿದ್ದೇನೆ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಎನ್ನುವ ಇನ್ನೊಂದು ಬಗೆಯ ವಕೀಲರ ವಿಷಯದಲ್ಲಿ ಮಾತ್ರ ‘ನೋಂದಣಿ’ ಉಳಿಸಿಕೊಂಡೆ. ಅಲ್ಲಿ ಸಾಲಿಸಿಟರ್ ಆಗಲು 2021ರಿಂದ ಇರುವ ಎಸ್‌ಕ್ಯೂಇ ಪರೀಕ್ಷೆ ಮುಗಿದ ಮೇಲೆ ಹೆಸರು ಏರುವುದು ‘ರೋಲ್’ ಎಂಬ ಪಟ್ಟಿಗೆ.

ನಾನು ಇನ್ನೂ ಬಿಡಿಸಲಾರದ ಗಂಟು ಎಲ್‌ಎಲ್‌ಎಂನದು. ‘ಸ್ನಾತಕೋತ್ತರ ಕಾನೂನು ಪದವಿ’ ಎಂದು ಬರೆದರೆ ಸಾಕೇ? ಅಮೆರಿಕದಲ್ಲಿ ಕಾನೂನಿನ ಮೊದಲ ಪದವಿಯಾದ ಜೆ.ಡಿ.ಗೂ ಒಂದು ಪದವಿ ಮುಗಿಸಿದ ಮೇಲೆಯೇ ಸೇರುವುದು, ಹಾಗಾಗಿ ಪದದ ಅರ್ಥಕ್ಕೆ ಅದೂ ಸ್ನಾತಕೋತ್ತರವೇ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ನಮಗೆ ಎಲ್‌ಎಲ್‌ಎಂ ಎಂದರೆ ಮೇಲಿನ ಓದು, ಕಾನೂನು ಕಾಲೇಜಿನಲ್ಲಿ ಪಾಠ ಮಾಡಲು ಬೇಕಾದದ್ದು. ನ್ಯೂಯಾರ್ಕಿನ 520.6ನೇ ನಿಯಮದಲ್ಲಿ ಅದರ ಪಾತ್ರ ಬೇರೆ. ಬೇರೆ ದೇಶದ ಪದವಿ ಅವಧಿಯಲ್ಲಿ ಕಡಿಮೆಯಿದ್ದರೆ, ಇಲ್ಲವೇ ಅದು ಹಿಂದಿನ ತೀರ್ಪುಗಳನ್ನು ಆಧರಿಸುವ ಇಂಗ್ಲಿಷ್ ಕಾಮನ್ ಲಾ ಪದ್ಧತಿಯದಲ್ಲದಿದ್ದರೆ, ಆ ಎರಡರಲ್ಲಿ ಒಂದು ಕೊರತೆಯನ್ನು 24 ಕ್ರೆಡಿಟ್‌ನ ಎಲ್‌ಎಲ್‌ಎಂ ತುಂಬಿಕೊಡುತ್ತದೆ. ಎರಡೂ ಕೊರತೆ ಇದ್ದರೆ ಅದೂ ಕೈಹಿಡಿಯದು. ಹೀಗೆ ಕೊರತೆ ತುಂಬುವುದಕ್ಕೆ ನಿಯಮ ಬಳಸುವ ಪದ ‘ಕ್ಯೂರ್’. ‘ಗುಣಪಡಿಸು’ ಎಂದರೆ ಬೇರೆ ದೇಶದ ಓದೇ ಒಂದು ಕಾಯಿಲೆ ಎಂದಂತಾಗುತ್ತದೆ, ಅದನ್ನು ಬರೆಯಲು ನನ್ನ ಕೈ ಬರಲಿಲ್ಲ. ‘ಸರಿಪಡಿಸು’ ಎಂದರೂ ತಪ್ಪು ನಡೆದಿತ್ತೆಂಬ ಧ್ವನಿ. ಜರ್ಮನಿಯಲ್ಲೋ ಬ್ರೆಜಿಲ್‌ನಲ್ಲೋ ವರ್ಷಗಟ್ಟಲೆ ಓದಿ, ಅಲ್ಲಿ ನ್ಯಾಯಾಲಯದಲ್ಲಿ ನಿಂತವರಿಗೆ ಹೇಳುವ ಮಾತಲ್ಲ ಇವೆರಡೂ.

ಸದ್ಯಕ್ಕೆ ‘ಕೊರತೆ ನೀಗಿಸು’ ಎಂದಿಟ್ಟಿದ್ದೇನೆ. ‘ಕೊರತೆ ತುಂಬು’ ಇನ್ನೂ ಹಗುರವೇನೋ ಎಂಬ ಅನುಮಾನವಿದೆ.

ಹಾಗಾಗಿ ನನ್ನ ಪ್ರಶ್ನೆಗಳು: ‘ಬೇರೆ’ ಮತ್ತು ‘ವಿದೇಶ’ಕ್ಕೆ ನಾನು ಹೇಳಿದ ವ್ಯತ್ಯಾಸ ನಿಮ್ಮ ಕಿವಿಗೂ ಕೇಳುತ್ತದೆಯೇ, ಅಥವಾ ಎರಡು ವಾರ ಅದನ್ನೇ ನೋಡಿ ನನಗೆ ಹಾಗನಿಸುತ್ತಿದೆಯೇ? ಕೋರ್ಟಿಗೆ ದಿನಾ ಹೋಗುವವರು ಇಲ್ಲಿ ಯಾರಾದರೂ ಇದ್ದರೆ, ಹೊರದೇಶದ ಲೈಸೆನ್ಸಿಗೆ ‘ಸನ್ನದು’ ಎಂದರೆ ನಿಮಗೆ ಒಪ್ಪಿಗೆಯೇ? ಮತ್ತೆ ಆ ‘ಕ್ಯೂರ್’ಗೆ ನೀಗಿಸುವುದೋ, ತುಂಬುವುದೋ, ನಿಮ್ಮ ಕಡೆ ಇನ್ನಾವುದಾದರೂ ಮಾತಿದೆಯೋ? ಕರಡು ಮುಂದಿನ ವಾರ ಅಚ್ಚಿಗೆ ಹೋಗಬೇಕು. ಆ ಪುಟವನ್ನು ಇನ್ನೂ ಮುಚ್ಚದೆ ಇಟ್ಟುಕೊಂಡಿದ್ದೇನೆ.