ಸಹಾಯ ಬೇಕು: ಓಹಾಯೊ ನದಿ ದಂಡೆಯ ರಿಪ್ಲಿ ಪಟ್ಟಣದ ಚಿತ್ರಗಳು ಮತ್ತು ಮಾಹಿತಿ

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ಪ್ರೌಢಶಾಲೆಯ ಭಿತ್ತಿಪತ್ರಿಕೆಗಾಗಿ ಅಮೆರಿಕದ ಓಹಾಯೊ ರಾಜ್ಯದ ರಿಪ್ಲಿ ಎಂಬ ಪುಟ್ಟ ಪಟ್ಟಣದ ಕುರಿತು ಲೇಖನ ಸಿದ್ಧಪಡಿಸುತ್ತಿದ್ದೇನೆ. ಅಲ್ಲಿಗೆ ಹೋಗಿಬಂದವರು ಅಥವಾ ಸಿನ್ಸಿನಾಟಿಯ ಕಡೆ ನೆಲೆಸಿರುವ ಕನ್ನಡಿಗರು ದಯವಿಟ್ಟು ನೆರವಾಗಬೇಕು.

ಅಂತರ್ಯುದ್ಧಕ್ಕೆ ಮುಂಚೆ ಓಹಾಯೊ ನದಿಯ ದಕ್ಷಿಣ ದಡದ ಕೆಂಟಕಿಯಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಉತ್ತರ ದಡದ ರಿಪ್ಲಿಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಊರ ಹಿಂದಿನ ಗುಡ್ಡದ ಮೇಲೆ ಪಾದ್ರಿ ಜಾನ್ ರ‍್ಯಾಂಕಿನ್ ಕುಟುಂಬದ ಇಟ್ಟಿಗೆಯ ಮನೆ ಇಂದಿಗೂ ನಿಂತಿದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ನದಿ ದಾಟಿ ಬಂದವರು ಉದ್ದನೆಯ ಮೆಟ್ಟಿಲುಸಾಲು ಹತ್ತಿ ಆ ಮನೆ ಸೇರಿ, ಅಲ್ಲಿಂದ ಉತ್ತರಕ್ಕೆ ಸಾಗುತ್ತಿದ್ದರು. ನನ್ನ ಮನಸ್ಸನ್ನು ಹೆಚ್ಚು ಹಿಡಿದಿಟ್ಟವರು ಜಾನ್ ಪಾರ್ಕರ್. ಎಂಟನೆಯ ವಯಸ್ಸಿನಲ್ಲಿ ತಾಯಿಯಿಂದ ಅಗಲಿಸಿ ಮಾರಲ್ಪಟ್ಟ ಅವರು, ಎರಕದ ಕೆಲಸ ಕಲಿತು, 1845ರಲ್ಲಿ 1,800 ಡಾಲರ್ ತೆತ್ತು ಸ್ವಾತಂತ್ರ್ಯ ಪಡೆದರು. ಮುಂದೆ ರಿಪ್ಲಿಯಲ್ಲಿ ನೆಲೆಸಿ ಎರಕದ ಕಾರ್ಖಾನೆ ನಡೆಸಿದರು. ಓಡಿಬಂದವರಿಗೆ ನೆರವಾಗುವವರನ್ನು ದಂಡಿಸುವ 1850ರ ಕಾಯಿದೆಗೂ ಅಂಜದೆ, ರಾತ್ರಿ ದೋಣಿಯಲ್ಲಿ ಕೆಂಟಕಿಗೆ ಹೋಗಿ ಜನರನ್ನು ಕರೆತರುತ್ತಿದ್ದರು. ಇಂತಹ ಧೈರ್ಯವಂತರ ಬದುಕು ನಮ್ಮ ಮಕ್ಕಳಿಗೂ ತಿಳಿಯಬೇಕೆಂಬುದು ನನ್ನ ಆಸೆ.

ಗುಡ್ಡದ ಮೆಟ್ಟಿಲುಗಳು, ಮೇಲಿನಿಂದ ಕಾಣುವ ನದಿ ಮತ್ತು ಈಗ ವಸ್ತುಸಂಗ್ರಹಾಲಯವಾಗಿರುವ ಪಾರ್ಕರ್ ಅವರ ಮನೆ, ಇವುಗಳನ್ನು ನೀವೇ ತೆಗೆದ ಚಿತ್ರಗಳಿದ್ದರೆ ಕಳುಹಿಸಿ. ನಿಮ್ಮ ಹೆಸರಿನೊಂದಿಗೇ ಪ್ರಕಟಿಸುತ್ತೇವೆ. ತಂಬಾಕು ಒತ್ತುವ ಯಂತ್ರದ ತಿರುಪಿಗೆ ಪಾರ್ಕರ್ 1884ರಲ್ಲಿ ಪೇಟೆಂಟ್ ಪಡೆದಿದ್ದರು. ಯಂತ್ರಗಳನ್ನು ಬಲ್ಲವರು ಅದು ಕೆಲಸ ಮಾಡುವ ಬಗೆಯನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಅರ್ಥವಾಗುವಂತೆ ನಾಲ್ಕು ಸಾಲುಗಳಲ್ಲಿ ಬರೆದುಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ.