ಎಚ್‌ಎಸ್‌ಸಿಗೆ 10 ಯೂನಿಟ್ ಸಾಕೇ, 12 ಇಟ್ಟುಕೊಳ್ಳಬೇಕೇ?

ಪ್ರಶ್ನೆ (ವಿದ್ಯಾರ್ಥಿನಿಯೊಬ್ಬಳ ತಾಯಿ)

ಎಲ್ಲರಿಗೂ ನಮಸ್ಕಾರ. ನಾವು ಸಿಡ್ನಿಯಲ್ಲಿದ್ದೇವೆ. ಮಗಳು ಹನ್ನೊಂದನೆಯ ತರಗತಿಯ ಮೂರನೆಯ ಟರ್ಮ್‌ನಲ್ಲಿದ್ದಾಳೆ. ಮುಂದಿನದು ಎಚ್‌ಎಸ್‌ಸಿ, ಅಂದರೆ ಇಲ್ಲಿನ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ. ಈಗ ಅವಳು ಒಟ್ಟು 13 ಯೂನಿಟ್ (ವಿಷಯಗಳ ಗಾತ್ರವನ್ನು ಇಲ್ಲಿ ಹೀಗೆ ಎಣಿಸುತ್ತಾರೆ) ಓದುತ್ತಿದ್ದಾಳೆ: ಇಂಗ್ಲಿಷ್ ಅಡ್ವಾನ್ಸ್ಡ್ 2, ಗಣಿತ ಅಡ್ವಾನ್ಸ್ಡ್ 2, ಅದರ ಜೊತೆಗೆ ಇನ್ನೂ ಮೇಲಿನ ಮಟ್ಟದ ಗಣಿತ ಎಕ್ಸ್‌ಟೆನ್ಷನ್ 1ರದು ಒಂದು, ಮತ್ತೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಅರ್ಥಶಾಸ್ತ್ರ ತಲಾ 2. ಅಕ್ಟೋಬರಿನಲ್ಲಿ ಹನ್ನೆರಡನೆಯ ತರಗತಿಯ ಪಾಠಗಳು ಆರಂಭವಾಗುವಾಗ ಗಣಿತ ಎಕ್ಸ್‌ಟೆನ್ಷನ್ 2 ತೆಗೆದುಕೊಳ್ಳಬೇಕೆಂಬುದು ಅವಳ ಆಸೆ. ಮುಂದೆ ಎಂಜಿನಿಯರಿಂಗ್ ಓದುವ ಮನಸ್ಸಿದೆ, ಆದರೆ ಇನ್ನೂ ಗಟ್ಟಿಯಾಗಿ ತೀರ್ಮಾನಿಸಿಲ್ಲ.

ಎಕ್ಸ್‌ಟೆನ್ಷನ್ 2 ಸೇರಿದರೆ ಇಂಗ್ಲಿಷ್, ಗಣಿತ, ಭೌತ, ರಸಾಯನ ಈ ನಾಲ್ಕರಲ್ಲೇ 10 ಯೂನಿಟ್ ತುಂಬುತ್ತದೆ, ಹಾಗಾಗಿ ಉಳಿದ ಎರಡನ್ನೂ ಬಿಟ್ಟುಬಿಡುತ್ತೇನೆ ಎನ್ನುತ್ತಾಳೆ. ಹೆಚ್ಚು ವಿಷಯಗಳಿದ್ದರೆ ಒಂದರಲ್ಲಿ ಕಡಿಮೆಯಾದರೂ ಇನ್ನೊಂದು ಕೈಹಿಡಿಯುತ್ತದೆ ಎಂಬುದು ನಮ್ಮ ಯಜಮಾನರ ವಾದ. ಪರಿಚಿತರನ್ನು ಕೇಳಿದರೆ ಮನೆಗೊಂದು ಅಭಿಪ್ರಾಯ. ಇಲ್ಲಿನ ಪದ್ಧತಿಯನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಪ್ರೌಢಶಾಲೆಯ ಗಣಿತ ಶಿಕ್ಷಕ)

ಮೊದಲು ನಿಯಮವನ್ನು ಸ್ಪಷ್ಟಪಡಿಸಿಕೊಳ್ಳೋಣ, ಏಕೆಂದರೆ ಈ ಚರ್ಚೆಯಲ್ಲಿ ಬಹುತೇಕ ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಹನ್ನೊಂದನೆಯ ತರಗತಿಯಲ್ಲಿ ಕನಿಷ್ಠ 12 ಯೂನಿಟ್, ಹನ್ನೆರಡನೆಯದರಲ್ಲಿ ಕನಿಷ್ಠ 10 ಯೂನಿಟ್ ಓದಲೇಬೇಕು. ಇಂಗ್ಲಿಷ್ ಎಲ್ಲರಿಗೂ ಕಡ್ಡಾಯ. ಒಟ್ಟಿನಲ್ಲಿ ನಾಲ್ಕು ವಿಷಯಗಳಾದರೂ ಇರಬೇಕು. ವಿಶ್ವವಿದ್ಯಾಲಯ ಪ್ರವೇಶಕ್ಕೆ ಬೇಕಾದ ಎಟಾರ್ ಲೆಕ್ಕಕ್ಕೆ ಹನ್ನೆರಡನೆಯ ತರಗತಿಯ ಅಂಕಗಳಷ್ಟೇ ಬರುತ್ತವೆ. ಅವುಗಳಲ್ಲಿಯೂ ಇಂಗ್ಲಿಷಿನ ಉತ್ತಮವಾದ 2 ಯೂನಿಟ್, ಉಳಿದವುಗಳಲ್ಲಿ ಉತ್ತಮವಾದ 8 ಯೂನಿಟ್ ಸೇರಿ 10 ಮಾತ್ರ. ಸ್ಕೇಲಿಂಗ್ (ಬೇರೆ ಬೇರೆ ವಿಷಯಗಳ ಅಂಕಗಳನ್ನು ಹೋಲಿಸಲಾಗುವಂತೆ ಸರಿಹೊಂದಿಸುವುದು) ಆದ ಮೇಲೆ ಒಂದೊಂದು ಯೂನಿಟ್‌ಗೆ ಗರಿಷ್ಠ 50ರಂತೆ ಒಟ್ಟು 500ಕ್ಕೆ ಮೊತ್ತ ಬರುತ್ತದೆ. ಎಟಾರ್ ನಿರ್ಧಾರವಾಗುವುದು ಆ ಮೊತ್ತದ ಆಧಾರದ ಮೇಲೆ.

ಆದ್ದರಿಂದ ಯಜಮಾನರ ಮಾತು ಲೆಕ್ಕದ ಮಟ್ಟಿಗೆ ಸರಿ. 10ರ ಮೇಲಿನ ಹೆಚ್ಚುವರಿ ಯೂನಿಟ್‌ಗಳು ಅಂಕವನ್ನು ನೇರವಾಗಿ ಎಂದೂ ಕೆಳಗೆಳೆಯುವುದಿಲ್ಲ. ಉತ್ತಮವಾಗಿದ್ದರೆ ಸೇರುತ್ತವೆ, ಇಲ್ಲದಿದ್ದರೆ ಲೆಕ್ಕದಿಂದ ಹೊರಗುಳಿಯುತ್ತವೆ. ಉದಾಹರಣೆಗೆ, ಭೌತಶಾಸ್ತ್ರದಲ್ಲಿ ಯೂನಿಟ್‌ಗೆ 30 ಬಂದು ಅರ್ಥಶಾಸ್ತ್ರದಲ್ಲಿ 38 ಬಂದರೆ, ಅರ್ಥಶಾಸ್ತ್ರ ಅದರ ಜಾಗಕ್ಕೆ ಬಂದು ಒಟ್ಟು ಮೊತ್ತ 16ರಷ್ಟು ಏರುತ್ತದೆ. ಆದರೆ ಈ ರಕ್ಷಣೆ ಇಂಗ್ಲಿಷಿಗೆ ಇಲ್ಲ ಎಂಬುದನ್ನು ನಮ್ಮ ಜನ ಆಗಾಗ ಮರೆಯುತ್ತಾರೆ. ಇಂಗ್ಲಿಷ್ ಎಷ್ಟೇ ಕಡಿಮೆಯಾದರೂ ಅದು ಲೆಕ್ಕದಲ್ಲಿ ಇದ್ದೇ ಇರುತ್ತದೆ. ನಿಮ್ಮ ಮಗಳ ದುರ್ಬಲ ವಿಷಯ ಅದೇ ಆಗಿದ್ದರೆ, ಹೆಚ್ಚುವರಿ ವಿಷಯಕ್ಕೆ ಕೊಡುವ ಹೊತ್ತನ್ನು ಪ್ರಬಂಧ ಬರೆದು ತಿದ್ದಿಸಿಕೊಳ್ಳುವುದಕ್ಕೆ ಕೊಟ್ಟರೆ ಲಾಭ ಹೆಚ್ಚು. (ಗಣಿತಕ್ಕೆ ಟ್ಯೂಷನ್ ಹುಡುಕುವ ಉತ್ಸಾಹದ ಕಾಲುಭಾಗವೂ ಇಂಗ್ಲಿಷಿಗೆ ಕಾಣುವುದಿಲ್ಲ ಎಂದು ಗಣಿತ ಕಲಿಸುವ ನಾನೇ ಹೇಳಬೇಕಾಗಿದೆ.)

ಇನ್ನು ನಿಮ್ಮ ಮಗಳ ಲೆಕ್ಕದಲ್ಲಿ ಒಂದು ಅಪಾಯ ಅಡಗಿದೆ. ಎಕ್ಸ್‌ಟೆನ್ಷನ್ 2 ತೆಗೆದುಕೊಂಡವರಿಗೆ ಗಣಿತ ಒಟ್ಟು 4 ಯೂನಿಟ್ ಆಗುತ್ತದೆ. ಆದರೆ ಅದು ಕಷ್ಟವೆನಿಸಿ ನಡುವೆ ಕೈಬಿಟ್ಟರೆ, ಅಡ್ವಾನ್ಸ್ಡ್ ಮತ್ತು ಎಕ್ಸ್‌ಟೆನ್ಷನ್ 1 ಸೇರಿ 3ಕ್ಕೆ ಇಳಿಯುತ್ತದೆ. ಆಗ ಅವಳ ಒಟ್ಟು 9. ಅಂದರೆ ಎಚ್‌ಎಸ್‌ಸಿ ಪಡೆಯಲು ಬೇಕಾದ ಕನಿಷ್ಠಕ್ಕೂ ಒಂದು ಕಡಿಮೆ. ಸಂಕೀರ್ಣ ಸಂಖ್ಯೆಗಳು, ಸಾಧನೆಯ (ಪ್ರೂಫ್) ವಿಧಾನಗಳು ಇವೆಲ್ಲ ಕೆಲವು ಮಕ್ಕಳಿಗೆ ಬಹಳ ಇಷ್ಟವಾಗುತ್ತವೆ, ಎಕ್ಸ್‌ಟೆನ್ಷನ್ 1ರಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದ ಇನ್ನು ಕೆಲವರಿಗೆ ಹಿಡಿಸುವುದೇ ಇಲ್ಲ; ಯಾರು ಯಾವ ಗುಂಪಿಗೆ ಸೇರುತ್ತಾರೆಂದು ಪಾಠ ಆರಂಭವಾಗುವ ಮೊದಲು ಹೇಳುವುದು ನಮಗೂ ಕಷ್ಟ. ಹೀಗಾಗಿ ಎಕ್ಸ್‌ಟೆನ್ಷನ್ 2ನ್ನು ಎಣಿಸಿ ಸರಿಯಾಗಿ 10ಕ್ಕೆ ನಿಲ್ಲುವುದನ್ನು ನಾನು ಒಪ್ಪುವುದಿಲ್ಲ. ಜೀವಶಾಸ್ತ್ರ ಅಥವಾ ಅರ್ಥಶಾಸ್ತ್ರ, ಎರಡರಲ್ಲಿ ಒಂದನ್ನು ಉಳಿಸಿಕೊಂಡು 12ರಿಂದ ಆರಂಭಿಸಲಿ.

ಉತ್ತರ (ವಿಶ್ವವಿದ್ಯಾಲಯದ ವಿದ್ಯಾರ್ಥಿನಿ)

ನಮಸ್ಕಾರ ಆಂಟಿ. ಮೇಷ್ಟ್ರು ಹೇಳಿದ್ದಕ್ಕೆ ನನ್ನ ಪೂರ್ಣ ವಿರೋಧವಿಲ್ಲ, ಆದರೆ "ಹೆಚ್ಚುವರಿ ಯೂನಿಟ್ ಅಂಕವನ್ನು ಇಳಿಸುವುದಿಲ್ಲ" ಎಂಬ ಮಾತನ್ನು ಮಕ್ಕಳು ಅಪಾರ್ಥ ಮಾಡಿಕೊಳ್ಳುವುದನ್ನು ಕಂಡಿದ್ದೇನೆ. ಸೂತ್ರದಲ್ಲಿ ಇಳಿಯುವುದಿಲ್ಲ, ದಿನಚರಿಯಲ್ಲಿ ಇಳಿಯುತ್ತದೆ. ಎರಡು ಯೂನಿಟ್‌ನ ಒಂದು ವಿಷಯಕ್ಕೆ ವರ್ಷಕ್ಕೆ ಸುಮಾರು 120 ಗಂಟೆಗಳ ಪಾಠವೆಂದು ಪಠ್ಯಕ್ರಮದಲ್ಲೇ ಇದೆ. ಅದರ ಮೇಲೆ ಮನೆಯ ಓದು, ಟಿಪ್ಪಣಿ, ಹಳೆಯ ಪ್ರಶ್ನೆಪತ್ರಿಕೆಗಳು. ಎಚ್‌ಎಸ್‌ಸಿ ಅಂಕದ ಅರ್ಧ ಭಾಗ ಶಾಲೆಯ ಆಂತರಿಕ ಮೌಲ್ಯಮಾಪನದಿಂದ ಬರುವುದರಿಂದ, ಒಂದು ವಿಷಯ ಹೆಚ್ಚಾದರೆ ಪರೀಕ್ಷೆಯೊಂದೇ ಹೆಚ್ಚಾಗುವುದಲ್ಲ, ವರ್ಷವಿಡೀ ಒಪ್ಪಿಸಬೇಕಾದ ಕೆಲಸಗಳೂ ಹೆಚ್ಚುತ್ತವೆ. ಶಾಲೆಗಳು ಅವುಗಳನ್ನು ಬೇರೆ ಬೇರೆ ವಾರಗಳಿಗೆ ಹಂಚಲು ಪ್ರಯತ್ನಿಸುತ್ತವೆ. ಆದರೂ ಒಂದೇ ವಾರದಲ್ಲಿ ಮೂರು ಬಂದು ಬೀಳುವುದುಂಟು.

ಬಿಟ್ಟ ವಿಷಯದ ಪೀರಿಯಡ್‌ಗಳಲ್ಲಿ ಗ್ರಂಥಾಲಯದಲ್ಲಿ ಕೂತು ಓದಬಹುದು ಎಂಬುದು ಕೇಳಲು ಸಣ್ಣ ಸೌಕರ್ಯ. ಸಂಜೆ ದಣಿದು ಬಂದು ಮಾಡುವ ಕೆಲಸವನ್ನು ಹಗಲಲ್ಲೇ ಮುಗಿಸಿಕೊಳ್ಳುವ ಅಭ್ಯಾಸ ಇರುವವರಿಗೆ ಮಾತ್ರ ಅದರ ಬೆಲೆ ತಿಳಿಯುತ್ತದೆ. ಆ ಅಭ್ಯಾಸ ಇಲ್ಲದವರು ಅದೇ ಪೀರಿಯಡ್ ಅನ್ನು ಫೋನ್ ನೋಡುತ್ತಾ ಕಳೆಯುತ್ತಾರೆ. ಅಂಥವರಿಗೆ 10ಕ್ಕೆ ಇಳಿದರೂ ಪ್ರಯೋಜನ ಕಡಿಮೆ. ನಿಮ್ಮ ಮಗಳು ಯಾವ ಬಗೆಯವಳೆಂದು ನಿಮಗೆ ಚೆನ್ನಾಗಿ ಗೊತ್ತಿರುತ್ತದೆ.

ಎಕ್ಸ್‌ಟೆನ್ಷನ್ 2 ಗಟ್ಟಿಯಾದ ಮೇಲೆ ಹನ್ನೆರಡನೆಯ ತರಗತಿಯ ಮೊದಲ ಟರ್ಮ್‌ನ ಕೊನೆಯ ಹೊತ್ತಿಗೆ 10ಕ್ಕೆ ಇಳಿಯುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಟ್ರಯಲ್ ಪರೀಕ್ಷೆಗಳವರೆಗೂ (ಎಚ್‌ಎಸ್‌ಸಿಗೆ ಮುಂಚೆ ಶಾಲೆಯಲ್ಲಿ ನಡೆಯುವ ಪೂರ್ವಸಿದ್ಧತಾ ಪರೀಕ್ಷೆಗಳು) "ನೋಡೋಣ, ನೋಡೋಣ" ಎಂದು ಎಳೆದರೆ, ಕೊನೆಗೆ ಬಿಡುವ ವಿಷಯಕ್ಕೂ ಅಷ್ಟು ದಿನ ಸುರಿದ ಹೊತ್ತು ವಾಪಸ್ಸು ಬರುವುದಿಲ್ಲ.

ಉತ್ತರ (ಇಬ್ಬರು ಮಕ್ಕಳ ತಂದೆ)

ಇಬ್ಬರೂ ಅಂಕದ ಸುತ್ತಲೇ ಮಾತನಾಡಿದ್ದಾರೆ. ಅದು ತಪ್ಪಲ್ಲ, ಆದರೆ ಮಗುವಿಗೆ ಯಾವ ವಿಷಯ ಓದಲು ಖುಷಿಯಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಗಣಿತ, ಭೌತ, ರಸಾಯನಗಳ ನಡುವೆ ಅರ್ಥಶಾಸ್ತ್ರದಂಥ ಒಂದು ಬೇರೆ ರೀತಿಯ ವಿಷಯವಿದ್ದರೆ ತಲೆಗೆ ವಿಶ್ರಾಂತಿಯೂ ಸಿಗುತ್ತದೆ. ಸ್ಕೇಲಿಂಗ್ ಚೆನ್ನಾಗಿದೆ ಎಂದು ವಿಷಯ ಆರಿಸುವವರಿಗೆ ಒಂದು ಮಾತು: ಸ್ಕೇಲಿಂಗ್ ಎಂಬುದು ಆ ವಿಷಯವನ್ನು ಓದಿದವರು ಒಟ್ಟಾರೆ ತಮ್ಮ ಎಲ್ಲ ವಿಷಯಗಳಲ್ಲಿ ಎಷ್ಟು ಸಮರ್ಥರು ಎಂಬುದನ್ನು ಆಧರಿಸುತ್ತದೆ, ಪ್ರಬಲ ಗುಂಪಿನ ನಡುವೆ ಕೆಳಗಿನ ಸ್ಥಾನದಲ್ಲಿ ಉಳಿದವರನ್ನು ಅದು ಮೇಲಕ್ಕೆತ್ತುವುದಿಲ್ಲ.

ಕಾಯಿಲೆ ಬಿದ್ದರೆ ಇರಲಿ ಎಂದು ಹೆಚ್ಚುವರಿ ವಿಷಯ ಇಟ್ಟುಕೊಳ್ಳುವವರೂ ಇದ್ದಾರೆ. ಪರೀಕ್ಷೆಯ ವೇಳೆ ಅನಾರೋಗ್ಯ ಅಥವಾ ಅವಘಡವಾದರೆ ಅರ್ಜಿ ಸಲ್ಲಿಸುವ ವ್ಯವಸ್ಥೆ ಪ್ರತ್ಯೇಕವಾಗಿಯೇ ಇದೆ, ಅದಕ್ಕಾಗಿ ಒಂದು ವರ್ಷ ಹೊರೆ ಹೊರುವ ಅಗತ್ಯವಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಎಕ್ಸ್‌ಟೆನ್ಷನ್ 2 ಬಿಟ್ಟರೆ 9ಕ್ಕೆ ಇಳಿಯುತ್ತದೆ ಎಂಬುದು ನಮಗೆ ಹೊಳೆದೇ ಇರಲಿಲ್ಲ. ಮಗಳಿಗೆ ಹೇಳಿದೆ, ಅವಳೂ ಒಪ್ಪಿದಳು. ಈಗ 12 ಎಂದಾದರೆ ಎರಡರಲ್ಲಿ ಯಾವುದನ್ನು ಉಳಿಸಬೇಕು? ಅವಳಿಗೆ ಅರ್ಥಶಾಸ್ತ್ರ ಇಷ್ಟ. ಮನಸ್ಸು ಬದಲಾಗಿ ವೈದ್ಯಕೀಯಕ್ಕೆ ಹೋಗಬೇಕೆನಿಸಿದರೆ ಜೀವಶಾಸ್ತ್ರವಿಲ್ಲದೆ ಬಾಗಿಲು ಮುಚ್ಚಿಹೋಗುತ್ತದೆ ಎಂದು ಇವರಿಗೆ ಚಿಂತೆ.

ಉತ್ತರ (ಗಣಿತ ಶಿಕ್ಷಕ)

ಆ ಚಿಂತೆ ಭಾರತದ ಪದ್ಧತಿಯಿಂದ ಬಂದದ್ದು. ಅಲ್ಲಿ ನೀಟ್ ಬರೆಯಲು ಜೀವಶಾಸ್ತ್ರ ಓದಿರಲೇಬೇಕಾದ್ದರಿಂದ ಸಹಜವೂ ಹೌದು. ಇಲ್ಲಿ ಹಾಗಿಲ್ಲ. ಉದಾಹರಣೆಗೆ ಯುಎನ್‌ಎಸ್‌ಡಬ್ಲ್ಯು (ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ) ವೈದ್ಯಕೀಯ ಪದವಿಗೆ ಜೀವಶಾಸ್ತ್ರ ಪೂರ್ವಶರತ್ತಲ್ಲ. ಎಟಾರ್, ಯುಕ್ಯಾಟ್ ಎಂಬ ವೈದ್ಯಕೀಯ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ, ಈ ಮೂರನ್ನು ನೋಡುತ್ತಾರೆ. ಆದ್ದರಿಂದ ಕೇವಲ ಬಾಗಿಲು ತೆರೆದಿಡುವುದಕ್ಕಾಗಿ ಇಷ್ಟವಿಲ್ಲದ ವಿಷಯವನ್ನು ಉಳಿಸಬೇಕಾಗಿಲ್ಲ. ಅವಳು ಯೋಚಿಸುತ್ತಿರುವ ಪ್ರತಿಯೊಂದು ಪದವಿಯ ಪುಟದಲ್ಲಿ ಯಾವುದು ಕಡ್ಡಾಯ, ಯಾವುದು ಕೇವಲ ಅಪೇಕ್ಷಿತ ಪೂರ್ವಜ್ಞಾನ ಎಂಬುದನ್ನು ಒಮ್ಮೆ ನೋಡಿಕೊಳ್ಳಿ. ಕೆಲವು ವಿಶ್ವವಿದ್ಯಾಲಯಗಳು ಪದವಿಗೆ ಸಂಬಂಧಿಸಿದ ವಿಷಯಗಳಲ್ಲಿ ಒಳ್ಳೆಯ ಅಂಕ ಪಡೆದವರಿಗೆ ಪ್ರವೇಶದ ವೇಳೆ ಹೆಚ್ಚುವರಿ ಅಂಕ ಕೊಡುತ್ತವೆ. ಅದರಲ್ಲಿ ಅರ್ಥಶಾಸ್ತ್ರಕ್ಕಾಗಲಿ ಜೀವಶಾಸ್ತ್ರಕ್ಕಾಗಲಿ ಪಾಲಿದೆಯೇ ಎಂಬುದೂ ಅಲ್ಲಿಯೇ ತಿಳಿಯುತ್ತದೆ.

ನನ್ನ ಸಲಹೆ ಅರ್ಥಶಾಸ್ತ್ರದ ಕಡೆಗೆ. ಇಷ್ಟ ಎಂಬ ಕಾರಣದ ಜೊತೆಗೆ, ಅದರಲ್ಲಿ ಪ್ರಬಂಧ ಬರೆಯುವ ಅಭ್ಯಾಸವಾಗುತ್ತದೆ. ತಪ್ಪಿಸಲಾಗದ ಇಂಗ್ಲಿಷಿಗೆ ಅದು ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ. ಆದರೂ ಹನ್ನೊಂದನೆಯ ತರಗತಿಯ ಅಂತಿಮ ಪರೀಕ್ಷೆಗಳ ಫಲಿತಾಂಶ ಬಂದ ಮೇಲೆಯೇ ಜೀವಶಾಸ್ತ್ರವನ್ನು ಬಿಡಲಿ. ಇಷ್ಟವಾದ ವಿಷಯದಲ್ಲಿ ಅಂಕ ಬಾರದಿರುವುದೂ, ಬೇಸರದ ವಿಷಯದಲ್ಲಿ ತಾನಾಗಿ ಬರುವುದೂ ಹೊಸತೇನಲ್ಲ.

ಮೇಲೆ ವಿದ್ಯಾರ್ಥಿನಿ ಹೇಳಿದಂತೆ ಮೊದಲ ಟರ್ಮ್‌ನ ಕೊನೆಗೆ ಇನ್ನೊಮ್ಮೆ ಕೂತು ನೋಡಿ. ಎಕ್ಸ್‌ಟೆನ್ಷನ್ 2 ಹಿಡಿತಕ್ಕೆ ಬಂದಿದ್ದರೆ ಅರ್ಥಶಾಸ್ತ್ರವನ್ನು ಬಿಟ್ಟು 10ಕ್ಕೆ ಇಳಿಯಬಹುದು. ಎಕ್ಸ್‌ಟೆನ್ಷನ್ 2 ಬಿಡಬೇಕಾದರೆ 11 ಉಳಿಯುತ್ತದೆ. ಎರಡನ್ನೂ ಬಿಡಲಾಗದು ಎಂಬುದಷ್ಟು ನೆನಪಿರಲಿ. ವಿಷಯ ಬಿಡಲು ಪ್ರಾಂಶುಪಾಲರ ಒಪ್ಪಿಗೆ ಬೇಕು, ಕೊನೆಯ ದಿನಾಂಕವೂ ಇರುತ್ತದೆ. ಎಕ್ಸ್‌ಟೆನ್ಷನ್ 2ನ್ನು ತಡವಾಗಿ ಬಿಟ್ಟರೆ, ಅಷ್ಟರಲ್ಲಿ ಅಡ್ವಾನ್ಸ್ಡ್ ತರಗತಿಯವರು ಮುಗಿಸಿರುವ ಮೌಲ್ಯಮಾಪನಗಳನ್ನು ಹೇಗೆ ಸರಿದೂಗಿಸುತ್ತಾರೆ ಎಂಬ ತೊಡಕು ಬರುತ್ತದೆ. ಈ ಎರಡು ಪ್ರಶ್ನೆಗಳಿಗೆ ಶಾಲೆಯ ಉತ್ತರವನ್ನು ಅಕ್ಟೋಬರಿಗೆ ಮುಂಚೆಯೇ ಬರಹದಲ್ಲಿ ಪಡೆದಿಟ್ಟುಕೊಳ್ಳಿ.