ಬೀಟಲ್ ಇಂಜಿನ್‌ನಲ್ಲಿ ಟಕ್ ಟಕ್ ಸದ್ದು, ಫ್ಲೈವೀಲ್ ಲೂಸ್ ಆಗಿದ್ಯಾ?

ಪ್ರಶ್ನೆ: ಅಪ್ಪನ ಕಾಲದ 1967ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಐಡಲ್‌ನಲ್ಲಿ ಟಕ್ ಟಕ್ ಅಂತ ಗಟ್ಟಿ ಸದ್ದು, ಕ್ಲಚ್ ಒತ್ತಿದ್ರೆ ನಿಂತೋಗತ್ತೆ, ಬಿಟ್ರೆ ಮತ್ತೆ ಶುರು, ಕೆಳಗೆ ಆಯಿಲ್ ಬೇರೆ ತೊಟ್ಟಿಕ್ತಿದೆ. ಮೆಕ್ಯಾನಿಕ್ ಬೇರಿಂಗ್ ಹೋಗಿದೆ ಅಂತಾರೆ. ನಿಜಾನಾ?

ಉತ್ತರ 1: ಸರ್, ಮೊದ್ಲು ಇಂಜಿನ್ ಆಫ್ ಮಾಡಿ ಪುಲ್ಲಿ ಹಿಡ್ಕೊಂಡು ಹಿಂದೆ ಮುಂದೆ ಎಳೆದು ನೋಡಿ. ಎಂಡ್ ಪ್ಲೇ, ಅಂದ್ರೆ ಕ್ರ್ಯಾಂಕ್‌ಶಾಫ್ಟ್ (ಇಂಜಿನ್ ಒಳಗಿನ ತಿರುಗೋ ಮುಖ್ಯ ದಂಡ) ಹಿಂದೆ ಮುಂದೆ ಅಲುಗೋ ಅಂತರ, 0.07ರಿಂದ 0.13 ಮಿ.ಮೀ. ಇರ್ಬೇಕು ಅಷ್ಟೇ, ಕೈಗೇ ಟಕ್ ಅಂತ ಗೊತ್ತಾದ್ರೆ ಜಾಸ್ತಿ ಆಗಿದೆ ಅಂತ. ಬೇರಿಂಗೂ ಇರಬಹುದು, ಆ ದಂಡದ ತುದೀಲಿರೋ ಭಾರದ ಚಕ್ರ, ಅಂದ್ರೆ ಫ್ಲೈವೀಲೂ ಲೂಸ್ ಆಗಿರಬಹುದು, ಇಂಜಿನ್ ಇಳಿಸದೆ ಹೇಳಕ್ಕಾಗಲ್ಲ. ಅಲ್ಲೀವರ್ಗೂ ದಯವಿಟ್ಟು ಓಡಿಸ್ಬೇಡಿ.

ಉತ್ತರ 2: ನಂದೂ ಇದೇ ಕಥೆ ಆಗಿತ್ತು. ಬಿಚ್ಚಿದಾಗ ಡವೆಲ್ ಪಿನ್ (ಫ್ಲೈವೀಲನ್ನ ದಂಡಕ್ಕೆ ಜೋಡಿಸೋ ಗಟ್ಟಿ ಕಡ್ಡಿ) ಸುತ್ತ ಕೆಂಪು ತುಕ್ಕಿನ ಪುಡಿ, ನಾಲ್ಕು ತೂತೂ ಮೊಟ್ಟೆ ಥರ ಉದ್ದ ಆಗಿತ್ತು. ಒಬ್ರು ಫ್ಲೈವೀಲ್ ಮಧ್ಯದ ನಟ್ ಟೈಟ್ ಮಾಡಿ ಕೊಟ್ರು, ಕೆಲವೇ ದಿನಕ್ಕೆ ಮತ್ತೆ ಲೂಸ್, ಯಾಕಂದ್ರೆ ತೂತು ಸವೆದ್ಮೇಲೆ ನಟ್ ಒಂದೇ ಹಿಡಿಯಲ್ಲ. ಬೇರೆ ಫ್ಲೈವೀಲ್, ಹೊಸ ಪಿನ್, ಹೊಸ ಆಯಿಲ್ ಸೀಲ್ ಹಾಕಿ, ಮೂರು ಶಿಮ್‌ನಲ್ಲಿ (ತೆಳು ಲೋಹದ ಬಳೆ) ಎಂಡ್ ಪ್ಲೇ ಸೆಟ್ ಮಾಡ್ಸಿ. ಆ 36 ಮಿ.ಮೀ. ನಟ್‌ಗೆ ಸುಮಾರು 35 ಕೆಜಿ-ಮೀಟರ್ ಟಾರ್ಕ್ (ತಿರುಚೋ ಬಲ) ಬೇಕು, ಅಂದ್ರೆ ಒಂದು ಮೀಟರ್ ಪೈಪ್ ತುದೀಲಿ 35 ಕೆಜಿ ಭಾರ. ಅಂದಾಜಲ್ಲಿ ಬಿಗಿದ್ರೆ ಮತ್ತೆ ಅದೇ ಪಾಡು.

ಪ್ರಶ್ನೆ ಕೇಳಿದವರು: ಪುಲ್ಲಿ ಎಳೆದೆ, ಕೈಗೇ ಸಿಗ್ತಿದೆ. ಭಾನುವಾರ ಇಂಜಿನ್ ಇಳಿಸ್ತೀನಿ.